ಜಾಗ ಮೀರಿದ ಅಕ್ಷರಗಳು

ನಮ್ಮ ಕಟ್ಟಡದ ಲಿಫ್ಟನ್ನು ನಡೆಸುವ ಕಂಪ್ಯೂಟರ್ ಕೋಡ್ ಬರೆಯುವವನು ನಾನು. ಅಂತಸ್ತಿನ ಹೆಸರನ್ನು ಲಿಫ್ಟಿನೊಳಗಿನ ಪರದೆಗೆ ನಕಲಿಸುವ ಕೋಡಿನ ಹಳೆಯ ಸಾಲು ಅಲ್ಲಿ ಜಾಗವಿದೆಯೇ ಎಂದು ನೋಡುತ್ತಿರಲಿಲ್ಲ. ಹೆಸರು ಉದ್ದವಾದರೆ ಮೆಮೊರಿಯಲ್ಲಿ ಅದರ ಪಕ್ಕದಲ್ಲಿದ್ದ ‘ನಿಲ್ಲು’ ಎಂಬ ಆಜ್ಞೆಯ ಮೇಲೇ ಬರೆದುಬಿಡುತ್ತಿತ್ತು.

“ಅಳತೆ ನೋಡಿ ನಕಲಿಸೋದು ಹಾಕೋಣ ಸಾರ್,” ಎಂದು ಮ್ಯಾನೇಜರನ್ನು ಬೇಡಿಕೊಂಡಿದ್ದೆ.

“ಇಷ್ಟು ವರ್ಷ ಓಡಿದೆಯಲ್ಲಪ್ಪ. ಸಂಜೆ ಕ್ಲಾಸಲ್ಲಿ ಕಲಿತಿದ್ದನ್ನೆಲ್ಲ ಇಲ್ಲಿ ತೋರಿಸ್ಬೇಡ.”

ಆಮೇಲೆ ಅವರೇ ತಮ್ಮ ಅಂತಸ್ತಿಗೆ ಮಾರುದ್ದದ ಹೆಸರಿಡಿಸಿದರು. ಲಿಫ್ಟ್ ನಿಲ್ಲಲಿಲ್ಲ. ಲಿಫ್ಟಿನ ಕೆಳಗಿನ ಹಳ್ಳಕ್ಕಿಳಿದು ಗ್ರೀಸ್ ಹಚ್ಚುತ್ತಿದ್ದ ಮೆಕ್ಯಾನಿಕ್, ನಾವೆಲ್ಲ ಅಣ್ಣ ಎನ್ನುತ್ತಿದ್ದವನು, ಅದರಡಿ ಸಿಕ್ಕಿ ಸತ್ತ. ಆಗ ಅನುಮತಿ ಬಂತು.

ಜಾಗ ಮುಗಿದಲ್ಲೇ ನಕಲು ನಿಲ್ಲುವಂತೆ ಹೊಸ ಸಾಲು ಹಾಕಿದೆ. ನನ್ನ ಮೇಲೆ ನನಗೇ ನಂಬಿಕೆಯಿಲ್ಲ, ಮತ್ತೆ ಮತ್ತೆ ಪರೀಕ್ಷಿಸಿದೆ. ಮಧ್ಯಾಹ್ನ ಲಿಫ್ಟ್ ಓಡಿಸಿದಾಗ ಗ್ರೀಸಿನ ವಾಸನೆ ಬಂತು. ಪರದೆ ಮುಟ್ಟಿದರೆ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಅಂತಸ್ತಿನ ಹೆಸರು ಮುಗಿದ ಮೇಲೂ ಇನ್ನಷ್ಟು ಅಕ್ಷರಗಳು ಮೂಡಿದವು: ‘ಕೆಳಗಿದ್ದೀನಿ, ನಿಲ್ಸಿ.’

ಮ್ಯಾನೇಜರನ್ನು ಕರೆದು ತೋರಿಸಿದೆ.

“ಮೆಮೊರೀಲಿ ಉಳಿದ ಹಳೇ ಕಸ ಕಣಪ್ಪ. ಸರಿಯಿದೆ ಅಂತ ಸಹಿ ಹಾಕು.”

“ಹಾಗಾದ್ರೆ ನೀವೇ ಹತ್ತಿ ಸಾರ್, ಕೆಳಗೆ ಹೋಗ್ಬನ್ನಿ.”

ಅವರು ಮೆಟ್ಟಿಲಿಳಿದು ಹೋದರು. ನಾನಿನ್ನೂ ಸಹಿ ಹಾಕಿಲ್ಲ. ಪರದೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟಿದ್ದೇನೆ. ಅದಕ್ಕೆ ಒಂದು ತಂತಿಯೂ ಜೋಡಿಸಿಲ್ಲ. ಅಕ್ಷರಗಳು ಹಾಗೇ ಇವೆ.