ಹದಿಮೂರು ಪಾಲು ಗಾಳಿ

ರೇಸು ಮುಗಿಸಿ ಬಂದ ಬೋಶುನ್ ಸ್ಕೂಟರಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಅಂಗೈ ಮೇಲಿಟ್ಟುಕೊಂಡ. ತುದಿ ಕಪ್ಪಗಿತ್ತು. ಆಮೇಲೆ ಪೇಲಿಂಗ್‌ಳ ಮುಖ ನೋಡಿದ. ಅವಳು ಲ್ಯಾಪ್‌ಟಾಪ್ ಒರೆಸುವುದರಲ್ಲಿ ಮುಳುಗಿದ್ದಳು. ಅದು ಆಗಲೇ ಫಳಫಳ ಹೊಳೆಯುತ್ತಿತ್ತು.

"ನಾನೆಷ್ಟು ಹೇಳಿದ್ದೆ?"

"ಹದಿಮೂರು."

"ನೀನೆಷ್ಟು ಹಾಕಿದೀಯ?"

"ಹನ್ನೆರಡು... ಚಿಲ್ಲರೆ."

ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಬೇಕೆಂದು ಎಂಜಿನ್ನಿನ ಕಂಪ್ಯೂಟರಿಗೆ ಗುರಿ ಹಾಕಿಕೊಡುವುದು ಪೇಲಿಂಗ್‌ಳ ಕಸುಬು. ತೈನಾನ್ ಊರಿನ ಆ ಗಲ್ಲಿಯಲ್ಲಿ ಅವಳಪ್ಪ ಆಕುನ್‌ನ ಗ್ಯಾರೇಜಿಗೆ ರೇಸಿನ ಹುಡುಗರು ಬರುತ್ತಿದ್ದುದೇ ಅದಕ್ಕೆ. ಗಾಳಿ ಹೆಚ್ಚಿಸಿದರೆ ಓಟ ಚುರುಕು, ಆದರೆ ಎಂಜಿನ್ ಕಾದು ಪಿಸ್ಟನ್ ಕರಗುವ ಭಯ. ಪೆಟ್ರೋಲ್ ಹೆಚ್ಚಿಸಿದರೆ ಎಂಜಿನ್ ತಣ್ಣಗೆ, ಆದರೆ ಪ್ಲಗ್ಗಿಗೆ ಮಸಿ, ಓಟ ಕೊಂಚ ಮಂದ. ಆ ಕೊಂಚದಲ್ಲೇ ಬೋಶುನ್ ಇವತ್ತು ಎರಡನೆಯವನಾಗಿದ್ದ.

ಆಕುನ್ ಇಣುಕಿ ನೋಡಿದ. "ಏನ್ ಮಗಳೇ, ತಳ ಹಿಡಿದ ಪಾತ್ರೆ ಆಗಿದೆಯಲ್ಲ ಪ್ಲಗ್ಗು! ಅಷ್ಟೊಂದು ಪೆಟ್ರೋಲ್ ಬಡಿಸ್ತಾರಾ?" ಎಂದು ನಕ್ಕವನು ಇಬ್ಬರ ಮುಖ ನೋಡಿ, ಬೂದುಗುಂಬಳ ಕುದಿಸಿ ಮಾಡುವ ಕಂದು ಬಣ್ಣದ ಸಿಹಿ ಟೀ ತರುವ ನೆಪದಲ್ಲಿ ಹೊರಗೆ ಹೋದ. ಜಾಣ.

"ಭಾನುವಾರ ಕೊನೇ ರೇಸು. ಗೆದ್ದೋನಿಗೆ ಜಪಾನಿನ ಟೀಮಲ್ಲಿ ಜಾಗ," ಎಂದ ಬೋಶುನ್. "ನಾನು ಹೋಗ್ಬಾರ್ದು ಅಂತ ಹೀಗ್ ಮಾಡಿದ್ಯಾ?"

"ತಿರುವಿನಲ್ಲಿ ಎಂಜಿನ್ ಕೈಕೊಟ್ರೆ ಹಿಂದಿಂದ ಬರೋರು ನಿನ್ನ ಮೇಲೇ ಹತ್ತಿಸ್ತಾರೆ. ಹೆದರಿಕೆ ಆಯ್ತು." ಅವಳು ಬಟ್ಟೆ ಕೆಳಗಿಟ್ಟಳು. "ಅರ್ಧ ಅದಕ್ಕೆ."

"ಇನ್ನರ್ಧ?"

"ನೀನು ಹೋಗ್ಬಾರ್ದು ಅಂತಾನೇ."

ಹೇಳಿದ ಮೇಲೆ ಅವಳ ಕಿವಿ ಕೆಂಪಾಯಿತು. ಬೋಶುನ್ ಆ ಪ್ಲಗ್ಗನ್ನು ಅವಳ ಅಂಗೈಗಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ, ಸ್ಕೂಟರ್ ತಳ್ಳಿಕೊಂಡು ಹೊರಟುಹೋದ.

ವಾರವಿಡೀ ಅವನ ಸುಳಿವಿಲ್ಲ. ಬೇರೆ ಗ್ಯಾರೇಜಿಗೆ ಹೋಗಿರುತ್ತಾನೆ, ಹೋಗಲಿ, ತಪ್ಪು ನನ್ನದೇ ಎಂದುಕೊಂಡಳು. ಹಾಗೆಂದುಕೊಂಡರೂ ಗಲ್ಲಿಯಲ್ಲಿ ಸ್ಕೂಟರಿನ ಸದ್ದಾದಾಗಲೆಲ್ಲ ಅವಳ ಕತ್ತು ತಾನಾಗಿ ತಿರುಗುತ್ತಿತ್ತು.

ಶನಿವಾರ ಬಂದ.

"ಬೇರೆ ಗ್ಯಾರೇಜ್ ಸಿಗ್ಲಿಲ್ವಾ?"

"ಸಿಕ್ತು. ಅಲ್ಲಿ ಎಲ್ರೂ ನಾನು ಹೇಳಿದ್ದೇ ಕೇಳ್ತಾರೆ. ಬೋರು."

ನಗು ಬಂದರೂ ಅವಳು ತೋರಿಸಲಿಲ್ಲ. ಸ್ಕೂಟರನ್ನು ನಿಂತಲ್ಲೇ ಓಡಿಸಿ ನೋಡುವ ಉರುಳೆಗಳ ಮೇಲೆ ಹತ್ತಿಸಿ, ಲ್ಯಾಪ್‌ಟಾಪ್ ಪಕ್ಕದಲ್ಲಿ ಜೋಳದ ಕುರುಕಲಿನ ಹಸಿರು ಪೊಟ್ಟಣ ಇಟ್ಟಳು. ಅದಿದ್ದರೆ ಯಂತ್ರ ಹೇಳಿದ ಮಾತು ಕೇಳುತ್ತದೆಂದು ಅಲ್ಲಿನವರ ನಂಬಿಕೆ. ಬಣ್ಣ ಹಸಿರೇ ಆಗಬೇಕು, ತಿನ್ನುವಂತಿಲ್ಲ. ಪೊಟ್ಟಣದ ಮೇಲೆ ಅಚ್ಚಾದ ಗಡುವಿನ ತಾರೀಖು ಮೀರುವ ಮೊದಲು ಇಟ್ಟವರೇ ಬದಲಿಸಬೇಕು. ಈ ಕೊನೆಯ ನಿಯಮ ಪೇಲಿಂಗ್‌ಳದು.

ಪರದೆಯ ಮೇಲೆ ಎಂಜಿನ್ನಿನ ವೇಗ ಏರಿದಂತೆಲ್ಲ ಒಂದೊಂದು ಖಾನೆ; ಒಂದೊಂದಕ್ಕೂ ಹದಿಮೂರು ತುಂಬಿದಳು.

"ನೋಡ್ಕೋ. ನೀನು ಕೇಳಿದ್ದೇ ಹಾಕಿದೀನಿ. ಗೆದ್ದು ಹೋಗು."

ಬೋಶುನ್ ಅವಳ ಭುಜದ ಹಿಂದಿನಿಂದ ಬಾಗಿ ನೋಡಿದ. ಅವನ ಉಸಿರು ಕೆನ್ನೆಗೆ ತಾಗುವಷ್ಟು ಹತ್ತಿರ.

"ಕೊನೇ ಖಾನೆಗಳಿಗೆ ನಿನ್ನ ಹನ್ನೆರಡೂ ಚಿಲ್ಲರೆ ಹಾಕು."

"ಉದ್ದದ ನೇರ ರಸ್ತೇಲಿ ಬೇಕಾಗೋದೇ ಅವು! ಸೋಲ್ತೀಯ."

"ಅಷ್ಟರಲ್ಲಿ ನಾನೇ ಮುಂದಿರ್ತೀನಿ. ವಾಪಸ್ ಬರೋಕೂ ಎಂಜಿನ್ ಬೇಕಲ್ಲ?"

ಭಾನುವಾರ ಅವನು ಗೆದ್ದ. ಪ್ಲಗ್ ಬಿಚ್ಚಿದ ಆಕುನ್, "ಆಹಾ, ಹದವಾದ ಕಂದು, ಬೂದುಗುಂಬಳದ ಟೀ ಬಣ್ಣ!" ಎಂದು ಊರಿಗೆಲ್ಲ ತೋರಿಸಲು ಹೋದ. ಪೇಲಿಂಗ್‌ಗೆ ಸಂತೋಷವೇ ಆಗಿತ್ತು, ಅಳುವೂ ಬಂದಿತ್ತು.

ಬೋಶುನ್ ಜಾಕೆಟ್ಟಿನ ಜಿಪ್ ಎಳೆದ. ಒಳಗಿನಿಂದ ಹಸಿರು ಪೊಟ್ಟಣ ಹೊರಬಂತು.

"ಕಳ್ಳ! ಬೆಳಿಗ್ಗೆಯಿಂದ ಹುಡುಕ್ತಿದೀನಿ."

"ಜಪಾನಿಗೆ ತಗೊಂಡು ಹೋಗ್ತೀನಿ."

"ಅಲ್ಲಿ ತಿಂಡಿ ಸಿಗಲ್ವಾ?"

"ತಿನ್ನೋಕಲ್ಲ." ಅವನು ಪೊಟ್ಟಣ ತಿರುಗಿಸಿ ತಾರೀಖಿನ ಮೇಲೆ ಬೆರಳಿಟ್ಟ. "ಇಟ್ಟವರೇ ಬದಲಿಸ್ಬೇಕು ಅಂತೀಯಲ್ಲ? ಇದು ಮುಗಿಯೋದ್ರೊಳಗೆ ಬರ್ತೀನಿ. ಹೊಸದು ತಂದಿಟ್ಟಿರು, ಪೇಲಿಂಗ್."

ಅವಳು ತಾರೀಖು ಓದಿದಳು. ಕಣ್ಣೊರೆಸಿಕೊಂಡು ಇನ್ನೊಮ್ಮೆ ಓದಿದಳು.

"ತಂದಿಡ್ತೀನಿ," ಎಂದಳು. "ಅಂಗಡೀನೆಲ್ಲ ಜಾಲಾಡಿ, ಇದಕ್ಕಿಂತ ಬೇಗ ಮುಗಿಯೋದನ್ನೇ ತರ್ತೀನಿ. ಅದರ ತಾರೀಖಿನೊಳಗೇ ಬಾ."