ತಟ್ಟೆಯ ಹಿಂದಿನ ಕೊಕ್ಕೆ

"ಇದನ್ನ ಮಾಡಿದ್ದು ಯಾರು?"

ಉಕ್ಕಿನ ದುಂಡು ತಟ್ಟೆಯೊಂದು ಮೇಜಿನ ಮೇಲೆ ದಢಾರೆಂದು ಬಿತ್ತು. ಅವಳು ಕಬ್ಬಿಣ ಉಜ್ಜುವ ಗ್ರೈಂಡರ್ ಆರಿಸಿ, ಕನ್ನಡಕವನ್ನು ಹಣೆಗೇರಿಸಿ ತಲೆಯೆತ್ತಿದಳು. ಎದುರಿಗೆ ನಿಂತವನ ಕೆನ್ನೆಯ ಮೇಲೆ ಹೊಸ ಪಟ್ಟಿ, ಅದರಂಚಿನಲ್ಲಿ ಒಣಗಿದ ರಕ್ತ.

ಮುಖ ಅವಳಿಗೆ ಗೊತ್ತಿರಲಿಲ್ಲ. ಆದರೆ ಆ ದನಿ... ಅಯ್ಯೋ, ಆ ದನಿ!

ಊರಾಚೆಯ ರೈಫಲ್ ಮೈದಾನ ನೋಡಿಕೊಳ್ಳುವವನ ದನಿ ಅದು. ರಜೆಯ ದಿನ ಗುರಿಯಿಟ್ಟು ಹೊಡೆದು ಖುಷಿಪಡುವವರಿಗಾಗಿ ಅಲ್ಲಿ ಅವಳು ಮಾಡಿಕೊಟ್ಟ ತಟ್ಟೆಗಳು ನೇತಾಡುತ್ತವೆ. ಆರ್ಡರು ಫೋನಿನಲ್ಲಿ, ಸಾಗಾಟ ಬಾಡಿಗೆ ವ್ಯಾನಿನಲ್ಲಿ. ಒಬ್ಬರ ಮುಖ ಒಬ್ಬರು ನೋಡಿದ್ದೇ ಇಲ್ಲ. ಆದರೆ ಹೊಸ ತಟ್ಟೆ ತೂಗುಹಾಕಿದಾಗಲೆಲ್ಲ ಅವನು ಫೋನ್ ಮಾಡಿ, "ಕೇಳಿಸ್ಕೊಳ್ಳಿ" ಎಂದು ಅದನ್ನು ಮೈದಾನದ ಕಡೆ ಹಿಡಿಯುತ್ತಿದ್ದ. ಗುಂಡಿನ ಸದ್ದು, ಅದರ ಬೆನ್ನಿಗೇ ದೂರದಿಂದ... ಠಣ್! ಕಬ್ಬಿಣದ ಜೊತೆ ಗುದ್ದಾಡಿ ಹಣ್ಣಾದವಳಿಗೆ ಸಿಗುತ್ತಿದ್ದ ಸುಖ ಅದೊಂದೇ.

ಈ ಮನುಷ್ಯನನ್ನು ನೋಡುವ ದಿನ ತಲೆಯನ್ನಾದರೂ ಬಾಚಿಕೊಂಡಿರಬೇಕು ಎಂದುಕೊಂಡಿದ್ದಳು. ಈಗ ನೋಡಿದರೆ ಮೂಗಿನ ಮೇಲೆಲ್ಲ ಮಸಿ.

"ಗುಂಡಿನ ಚೂರು ವಾಪಸ್ ಬಂತು," ಎಂದ ಅವನು. "ಕನ್ನಡಕದ ಕೆಳಗೆ ಬಡೀತು. ಒಂದು ಗೇಣು ಕೆಳಗಾಗಿದ್ರೆ ಕುತ್ತಿಗೆ! ನನ್ನದು ಬಿಡಿ, ಪಕ್ಕದಲ್ಲಿ ಜನ ನಿಂತಿದ್ರು."

ತಟ್ಟೆಯ ಮೇಲ್ಭಾಗದಲ್ಲಿ ಒಂದು ಗುಳಿ. ಗಟ್ಟಿ ಉಕ್ಕಿನ ನುಣುಪು ಮೈಗೆ ಬಡಿದರೆ ಗುಂಡು ಪುಡಿಯಾಗಿ ಅಕ್ಕಪಕ್ಕಕ್ಕೆ ಚದುರುತ್ತದೆ. ಗುಳಿಗೆ ಬಡಿದರೆ ಹೊಡೆದವನ ಕಡೆಗೇ ತಿರುಗುತ್ತದೆ. ಅವಳು ತಟ್ಟೆ ಮಗುಚಿದಳು. ಗುಳಿಯ ನೇರ ಹಿಂದೆ ಬೆಸೆದು ಕೂರಿಸಿದ ಒಂದು ಕೊಕ್ಕೆ!

ಅವಳು ತಟ್ಟೆಗೆ ಎಂದೂ ಬೆಸುಗೆ ಹಾಕಿದವಳಲ್ಲ. ಕಾಯಿಸಿದರೆ ಆ ಉಕ್ಕು ಮೆತ್ತಗಾಗುತ್ತದೆ. ಅದಕ್ಕೇ ತೋಳು ಬಿದ್ದುಹೋಗುವಂತೆ ಅಂಚಿನಲ್ಲಿ ತೂತು ಕೊರೆದು, ಬೋಲ್ಟು ಹಾಕಿ, ರಬ್ಬರ್ ಪಟ್ಟಿಯಲ್ಲಿ ತೂಗುವ ಹಾಗೆ ಮಾಡುತ್ತಿದ್ದಳು. ಈ ಬೆಸುಗೆಯೋ ದಪ್ಪಗೆ, ಅಂಕುಡೊಂಕಾಗಿತ್ತು. ನಡುಗುವ ಕೈಯದು.

ಪರದೆಯ ಆಚೆ ಅಪ್ಪ ಕೆಮ್ಮಿದರು.

"ನಾನೇ ಮಾಡಿದ್ದು," ಎಂದಳು.

"ನೀವಾ?" ಅವನ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. "ಯಾಕೆ?"

"ಸುಸ್ತಾಗಿತ್ತು... ಬೇಗ ಮುಗೀಲಿ ಅಂತ."

ಅವನು ಅವಳನ್ನೇ ದಿಟ್ಟಿಸಿದ. "ನಿಮ್ಮ ಕೈಯನ್ನ ಕಣ್ಣುಮುಚ್ಚಿ ನಂಬಿದ್ದೆ," ಎಂದಷ್ಟೇ ಹೇಳಿ ಹೊರಟುಹೋದ.

*ಹೋಗಲಿ. ಬೈದು ಹೋಗಿದ್ದರೂ ಚೆನ್ನಾಗಿತ್ತು...*

"ಯಾರಮ್ಮಾ ಅದು, ಚಿಟ್ಟೆ?" ಅಪ್ಪ ಗೋಡೆ ಹಿಡಿದು ಬಂದರು. ಕಬ್ಬಿಣ ಹೊರುವ ಮಗಳನ್ನು ಚಿಟ್ಟೆ ಎಂದು ಕರೆಯುವ ಧೈರ್ಯ ಲೋಕದಲ್ಲಿ ಅವರೊಬ್ಬರಿಗೇ ಇದ್ದದ್ದು.

"ಯಾರೋ ವಿಳಾಸ ಕೇಳ್ಕೊಂಡು ಬಂದಿದ್ರು ಅಪ್ಪಾ. ನೀವು... ತಟ್ಟೆಗಳಿಗೆ ಕೊಕ್ಕೆ ಹಾಕಿದ್ರಾ?"

ಅಪ್ಪನ ಮುಖ ಊರಗಲವಾಯಿತು. "ಗೊತ್ತಾಯ್ತಾ? ನೀನು ಬಾಗಿಲಾಚೆ ಹೋದಾಗೆಲ್ಲ ಒಂದೊಂದು ಹಾಕಿದೆ. ಕಳೆದ ಸಲ ಕಳಿಸಿದ್ದೆಲ್ಲಾ ನಂದೇ, ವ್ಯಾನಿಗೆ ಹೇರಿಸಿದ್ದೂ ನಾನೇ! ತೂತು ಕೊರೆದು ಕೊರೆದು ನಿನ್ನ ತೋಳು ಸವೆದುಹೋಗ್ತಿದೆ ಮಗಳೇ. ಹೇಗಿದೆ ಕೈಚಳಕ?"

ಬಲಗೈ ಸ್ವಾಧೀನ ತಪ್ಪಿದ ಮೇಲೆ ಅಪ್ಪ ಹೀಗೆ ನಕ್ಕಿರಲಿಲ್ಲ. ಆ ಮೊದಲು ಮೂರು ಹೊತ್ತೂ ಈ ಶೆಡ್ಡಿನಲ್ಲೇ ಬೆಂಕಿಯ ಕಿಡಿಗಳ ನಡುವೆ ಇದ್ದವರು. ಉಕ್ಕು ಎಲ್ಲ ಒಂದೇ ಎಂಬ ಕಾಲದವರು. ನಿಮ್ಮ ಬೆಸುಗೆಯಿಂದ ಒಬ್ಬನ ಕೆನ್ನೆ ಸೀಳಿತು ಎಂದು ಹೇಗೆ ಹೇಳುವುದು? ಹೇಳಿದರೆ ಅವರು ಬೆಸುಗೆಯ ಟಾರ್ಚನ್ನು ಮತ್ತೆಂದೂ ಮುಟ್ಟುವುದಿಲ್ಲ. ಆಮೇಲೆ ಹಾಸಿಗೆಯಿಂದಲೂ ಏಳುವುದಿಲ್ಲ.

"ಚೆನ್ನಾಗಿದೆ ಅಪ್ಪಾ," ಎಂದಳು.

ಆದರೆ ಅಂಥ ತಟ್ಟೆಗಳು ಮೈದಾನದಲ್ಲಿ ಇನ್ನೂ ನೇತಾಡುತ್ತಿರಬೇಕು!

ಮರುದಿನ ಬೆಳಿಗ್ಗೆ, ಮೈದಾನ ತೆರೆಯುವ ಮೊದಲೇ, ರಾತ್ರಿಯಿಡೀ ಕೊರೆದ ಹೊಸ ತಟ್ಟೆಗಳನ್ನು ವ್ಯಾನಿಗೆ ತುಂಬಿಕೊಂಡು ಅವಳು ಅಲ್ಲಿದ್ದಳು. ಅವನು ಗೇಟು ತೆಗೆದ. ಕೊಕ್ಕೆಯ ತಟ್ಟೆಗಳನ್ನೆಲ್ಲ ಅವನು ಹಿಂದಿನ ದಿನವೇ ಇಳಿಸಿ ಒಟ್ಟಿದ್ದ. ಅವಳು ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ನಡೆದು ಹೊಸವನ್ನು ತೂಗುಹಾಕತೊಡಗಿದಳು. ಒಂದೊಂದೂ ತುಸು ಮುಂದಕ್ಕೆ ಬಾಗಿರಬೇಕು, ಗುಂಡಿನ ಪುಡಿ ನೆಲಕ್ಕೆ ಹೋಗುವಂತೆ. ಕೊನೆಯದನ್ನು ಎತ್ತುವಾಗ ತೋಳು ಸೋತಿತು. ತಟ್ಟೆ ಜಾರುವಷ್ಟರಲ್ಲಿ ಅವನ ಕೈ ಬಂತು.

"ಬಿಡಿ, ನಾನು ಹಿಡ್ಕೋತೀನಿ. ನೀವು ಬೋಲ್ಟ್ ಹಾಕಿ."

ಬೋಲ್ಟು ತಿರುಗಿಸುತ್ತಾ ಅವಳು ತಲೆ ತಗ್ಗಿಸಿದ್ದಳು. "ತಪ್ಪಾಯ್ತು. ಇನ್ಮುಂದೆ ಬೇರೆ ಯಾರ ಹತ್ರಾನಾದ್ರೂ ಮಾಡಿಸ್ಕೊಳ್ಳಿ."

"ನಿನ್ನೆ ಸಂಜೆ ಫೋನ್ ಮಾಡಿದ್ದೆ," ಎಂದ ಅವನು. "ಹಾಗೆ ಹೊರಟು ಬಂದಿದ್ದು ಸರಿಯಲ್ಲ ಅನ್ನಿಸ್ತು. ನಿಮ್ಮ ತಂದೆ ಎತ್ಕೊಂಡ್ರು."

ಸ್ಪ್ಯಾನರ್ ಅಲ್ಲೇ ನಿಂತಿತು.

"'ಕೊಕ್ಕೆ ಹೇಗಿದೆ? ನಾನೇ ಹಾಕಿದ್ದು' ಅಂದ್ರು."

"ಅಯ್ಯೋ ದೇವರೇ! ನೀವೇನಂದ್ರಿ?"

"ಗಟ್ಟಿಯಾಗಿದೆ ಅಂದೆ." ಅವನು ಕೆನ್ನೆಯ ಪಟ್ಟಿಯನ್ನು ಭುಜಕ್ಕೆ ಉಜ್ಜಿಕೊಂಡ. "ಸುಳ್ಳೇನಲ್ಲ. ತಟ್ಟೆ ಕೈಕೊಟ್ಟಿದೆ, ಕೊಕ್ಕೆ ಒಂದೂ ಕಿತ್ತು ಬಂದಿಲ್ಲ."

ಅವಳ ಕಣ್ಣು ತುಂಬಿ ಬಂತು. ತಡೆಯುವ ಶಕ್ತಿಯೂ ಇರಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು. ಅವನು ತಟ್ಟೆ ಹಿಡಿದೇ ನಿಂತಿದ್ದ, ಪಾಪ. ಬಿಟ್ಟರೆ ಕಾಲ ಮೇಲೆ ಬೀಳುತ್ತದೆ, ಹಿಡಿದರೆ ಕಣ್ಣೀರು ಒರೆಸಲಾಗದು!

"ಮೈದಾನಕ್ಕೆ ಹೊಸ ಸ್ಟ್ಯಾಂಡುಗಳು ಬೇಕು," ಎಂದ ಕೊನೆಗೆ. "ಮಾಮೂಲಿ ಕಬ್ಬಿಣದ್ದು. ಅದಕ್ಕೆ ಎಷ್ಟು ಬೆಸುಗೆ ಹಾಕಿದ್ರೂ ತೊಂದ್ರೆ ಇಲ್ಲ. 'ಇನ್ನು ಅದನ್ನೇ ಮಾಡಿಕೊಡಿ, ತಟ್ಟೆ ನಿಮ್ಮ ಮಗಳಿಗೆ ಬಿಡಿ' ಅಂತ ನಿಮ್ಮ ತಂದೇನ ಕೇಳ್ಕೊಂಡೆ. 'ನೋಡೋಣ, ಕೈ ಬಿಡುವಾಗಲಿ' ಅಂತ ಗತ್ತು ತೋರಿಸಿದ್ರು."

ಅವಳು ಅಳುತ್ತಲೇ ನಕ್ಕಳು.

ಇಬ್ಬರೂ ಗುಂಡು ಹೊಡೆಯುವ ಕಟ್ಟೆಗೆ ಮರಳಿದರು. ಅವಳಿಗೆ ಕನ್ನಡಕ ಕೊಟ್ಟು, ಕಿವಿಗೆ ಮುಚ್ಚಳ ಹಾಕಿಸಿ, ಅವನು ಗುರಿ ಹಿಡಿದ. ಗುಂಡು ಹಾರಿತು. ಅದರ ಬೆನ್ನಿಗೇ, ಬಯಲಿಡೀ ತುಂಬಿ... ಠಣ್!

ಅವಳು ಮುಚ್ಚಳ ತೆಗೆದು ಇನ್ನೂ ಕೇಳುತ್ತಾ ನಿಂತಳು. ತಾನೇ ಕೊರೆದದ್ದು. ಎದುರಿಗೆ ನಿಂತು ಕೇಳಿದ್ದು ಇದೇ ಮೊದಲು!

"ಎಷ್ಟು ದಿನದಿಂದ ಫೋನಿನಲ್ಲಿ ಇದನ್ನೇ ಹೇಳ್ತಾ ಇದ್ದೆ," ಎಂದ ಅವನು, ರೈಫಲ್ ಕೆಳಗಿಟ್ಟು. "ತಟ್ಟೆ ಒಂದು ನೆಪ. ನನಗೆ ನೀವು ಇಷ್ಟ."

ಮೂಗಿನ ಮೇಲೆ ಇವತ್ತೂ ಮಸಿ ಇರಬಹುದು. ಇರಲಿ.

"ನನಗೆ ತುಂಬಾ ಸುಸ್ತಾಗಿದೆ," ಎಂದಳು ಮೆಲ್ಲಗೆ. "ನಿಮ್ಮ ಮೇಲೆ ಮನಸ್ಸಿಲ್ಲ ಅಂತಲ್ಲ. ಇದೆ... ತುಂಬಾ ಇದೆ. ಆದ್ರೆ ಪ್ರೀತಿ ಮಾಡೋಕೂ ತ್ರಾಣ ಇಲ್ಲ."

ಅವನು ಬೆಂಚಿನ ಧೂಳು ಒರೆಸಿದ.

"ಕೂತ್ಕೊಳ್ಳಿ. ಸದ್ಯಕ್ಕೆ ನಾನು ಮಾಡ್ತಿರ್ತೀನಿ. ನೀವು ಸುಧಾರಿಸ್ಕೊಂಡು ಬನ್ನಿ."

ಅವಳು ಕೂತಳು. ನೋಯುವ ತೋಳನ್ನು ಮಡಿಲಲ್ಲಿಟ್ಟುಕೊಂಡು, ಗೋಡೆಗೆ ತಲೆಯಾನಿಸಿದಳು.

"ಇನ್ನೊಂದ್ಸಲ ಹೊಡೀರಿ."

"ಯಾಕೆ? ತಟ್ಟೆ ಸರಿಯಾಗಿದ್ಯಾ ನೋಡೋಕಾ?"

"ಇಲ್ಲ... ಸುಮ್ನೆ ಕೇಳೋಕೆ."