ಕೆಳಬೀದಿಗೆ ಬಾರದ ನೀರು

"ಇನ್ನೊಂದು ಸಾಲು ಇದೆ, ತಡಿ ಅಪ್ಪ," ಎಂದಳು ಗುಬ್ಬಿ.

ಅಪ್ಪ ಗುದ್ದಲಿ ಹಿಡಿದು ಹಳ್ಳದ ಏರಿಯ ಮೇಲೆ ನಿಂತಿದ್ದ. ಬೆಟ್ಟದ ಮೇಲೆ ಬೆಳಗಿನಿಂದ ಒಂದೇ ಸಮನೆ ಮಳೆ. ಹಳ್ಳ ಕೆಂಪಗೆ ಉಬ್ಬಿ ಏರಿಯ ಅಂಚಿಗೆ ಬಂದಿತ್ತು. ಗುಬ್ಬಿ ಏರಿಯ ಕೆಳಗಿನ ಹೊಲದ ಕೆಸರಿನಲ್ಲಿ ಮಂಡಿಯೂರಿ ಆಲೂಗಡ್ಡೆ ಕೀಳುತ್ತಿದ್ದಳು. ಅವಳೇ ನೆಟ್ಟಿದ್ದ ಸಾಲುಗಳು ಅವು. ಇನ್ನೂ ಬಲಿತಿರಲಿಲ್ಲ, ಒಂದೊಂದೂ ಗೋಲಿಯಷ್ಟು.

ಹೋದ ವರ್ಷ ಇಂಥದೇ ಮಳೆಯಲ್ಲಿ ಹಳ್ಳ ಕೆಳಬೀದಿಗೆ ನುಗ್ಗಿ ಬಡಗಿಯ ಹೆಂಡತಿಯನ್ನು ಕೊಂಡೊಯ್ದಿತ್ತು. ಆಮೇಲೆ ಊರವರು ಕೂತು ಮಾತಾಡಿದರು. ಹಿಂದೆ ಹಳ್ಳಕ್ಕೆ ಹರಡಿಕೊಳ್ಳಲು ಜಾಗವಿತ್ತು, ಏರಿ ಕಟ್ಟಿ ನಾವೇ ಅದನ್ನು ಕಿತ್ತುಕೊಂಡೆವು ಎಂದರು ಹಿರಿಯರು. ಆ ಜಾಗವೇ ಈಗ ಗುಬ್ಬಿಯ ಮನೆಯ ಹೊಲ. ದೊಡ್ಡ ಮಳೆ ಬಂದರೆ ಏರಿ ಕಡಿದು ನೀರನ್ನು ಹೊಲಕ್ಕೆ ಬಿಡುತ್ತೇನೆಂದು ಅಪ್ಪ ಒಪ್ಪಿಬಂದಿದ್ದ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದ ಅಜ್ಜಿ ಅಂದಿನಿಂದ ಮಗನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ.

"ಸಾಕು, ಮೇಲೆ ಬಾ ಮಗಳೇ."

"ಇದೊಂದು ವರ್ಷ ಬಿಟ್ಬಿಡಪ್ಪ. ಮಳೆ ನಿಂತ್ರೂ ನಿಲ್ಬಹುದು."

"ನಿಲ್ದೇ ಹೋದ್ರೆ?"

ಗುಬ್ಬಿ ಕೈಯಲ್ಲಿದ್ದ ಗಿಡದ ಮಣ್ಣು ಕೊಡವಿದಳು. ಬುಟ್ಟಿ ಎತ್ತಿಕೊಂಡು ಮೇಲೆ ಬಂದಳು.

ಅಪ್ಪ ಏರಿಗೆ ಗುದ್ದಲಿ ಹಾಕಿದ. ನೀರು ಮೊದಲು ಬೆರಳಿನಷ್ಟು ಬಂತು, ಆಮೇಲೆ ಬಾಗಿಲಿನಷ್ಟು. ಸಾಲುಗಳು ಒಂದೊಂದಾಗಿ ಮುಳುಗಿದವು. ಅಷ್ಟು ನೀರಿಗೂ ಹೆಚ್ಚು ಸದ್ದಿರಲಿಲ್ಲ. ಅಪ್ಪ ಗುದ್ದಲಿಯ ಕೆಸರು ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ.

ಗುಬ್ಬಿ ಅವನ ಜೊತೆ ಮಾತು ಬಿಟ್ಟಳು. ಅಜ್ಜಿಗೊಂದು ಜೊತೆ ಸಿಕ್ಕಂತಾಯಿತು.

ಮರುದಿನ ಸ್ಕೂಲಿಗೆ ಬಡಗಿಯ ಮಗಳು ಲೇಟಾಗಿ ಬಂದು ಗುಬ್ಬಿಯ ಪಕ್ಕ ಕೂತಳು. ಕಣ್ಣು ಕೆಂಪಗಾಗಿದ್ದವು. ಬ್ಯಾಗಿಗೆ ಬಟ್ಟೆ ತುಂಬಿಕೊಂಡು ಅವಳೂ ಅವಳಪ್ಪನೂ ಬೆಳಗಾಗುವವರೆಗೆ ಅಟ್ಟದ ಮೇಲೆ ಕೂತಿದ್ದರಂತೆ.

"ಅಪ್ಪ ನನ್ನ ಕೈ ಬಿಡ್ಲೇ ಇಲ್ಲ ಕಣೆ. ಇನ್ನೂ ನೋಯ್ತಿದೆ," ಎಂದು ಮಣಿಕಟ್ಟು ತೋರಿಸಿದಳು. "ನೀರು ಬರ್ಲೇ ಇಲ್ಲ. ಸುಮ್ನೆ ನಿದ್ದೆಗೆಟ್ವಿ."

ಹೊಲದ ವಿಷಯ ಗುಬ್ಬಿಯ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು.

ಮುಂದಿನ ಪಾಠ ಶುರುವಾಗುವಷ್ಟರಲ್ಲಿ ಗೆಳತಿ ತೂಕಡಿಸಿ ಅವಳ ಭುಜಕ್ಕೆ ಒರಗಿದಳು. ಟೀಚರ್ ಬೋರ್ಡಿನ ಕಡೆ ತಿರುಗಿದ್ದರು. ಮನೆಗೆ ಹೋಗಿ ಅಪ್ಪನ ಹತ್ತಿರ ಮೊದಲು ಏನು ಮಾತಾಡುವುದು ಎಂದು ಯೋಚಿಸುತ್ತ, ಗುಬ್ಬಿ ಅಲುಗಾಡದೆ ಕೂತಳು.